ಎಣ್ಣೆ ಕೊಳೆಯಲ್ಲ, ಕಮಟಾಗುತ್ತೆ

ಈ ಸಲದ ಪದ ರ‍್ಯಾನ್ಸಿಡ್. ಜಿಆರ್‌ಇಗೆ ಓದುತ್ತಿರುವವರು ಪದಪಟ್ಟಿಯಲ್ಲಿ ಇದನ್ನು ನೋಡಿರುತ್ತೀರಿ, ಪಕ್ಕದಲ್ಲಿ 'ಕೆಟ್ಟ ವಾಸನೆಯ' ಅಂತ ಬರೆದುಕೊಂಡು ಮುಂದೆ ಹೋಗಿರುತ್ತೀರಿ. ನಾವೂ ಹಾಗೇ ಮಾಡಿದ್ವಿ. ಆಮೇಲೆ ಈ ಪದದ ಅರ್ಥ ಸರಿಯಾಗಿ ಗೊತ್ತಿಲ್ಲದ್ದಕ್ಕೆ ಎರಡು ಲೀಟರ್ ಎಣ್ಣೆ ಮತ್ತು ಇಡೀ ಒಂದು ವಾರ ಕಳೆದುಕೊಂಡ್ವಿ.

ಕಳೆದ ಸೆಮಿಸ್ಟರಿನಲ್ಲಿ ನಾವು ನಾಲ್ಕು ಜನ ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ತಯಾರಿಸುವ ಪ್ರಾಜೆಕ್ಟ್ ತಗೊಂಡಿದ್ವಿ. ನಮ್ಮ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಇದು ಹೊಸ ವಿಷಯವೇನಲ್ಲ. ಹಾಸನದ ಹತ್ತಿರ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದವರು ಇದಕ್ಕಂತಲೇ ಬಯೋಫ್ಯುಯೆಲ್ ಪಾರ್ಕ್ ಮಾಡಿದ್ದಾರೆ. ಹಿಂದಿನ ವರ್ಷದ ಸೀನಿಯರ್‌ಗಳು ಬಿಟ್ಟುಹೋಗಿದ್ದ ಒಂದು ಡಬ್ಬ ಎಣ್ಣೆ ಲ್ಯಾಬಿನ ಮೂಲೆಯಲ್ಲಿತ್ತು. ದುಡ್ಡು ಉಳಿಯಿತು ಅಂತ ಖುಷಿಯಾಗಿ ಅದನ್ನೇ ಬಳಸಲು ಹೊರಟ್ವಿ. ಓದಿದ ಒಂದು ಪೇಪರಿನಲ್ಲಿ, ಎಣ್ಣೆ ರ‍್ಯಾನ್ಸಿಡ್ ಆಗಿದ್ದರೆ ಮೊದಲು ಅದಕ್ಕೆ ಬೇರೆ ಸಂಸ್ಕರಣೆ ಬೇಕು ಎಂಬ ಸಾಲಿತ್ತು. ನಾವು ಲ್ಯಾಬ್ ನೋಟ್ಸನ್ನು ಕನ್ನಡದಲ್ಲಿ ಬರೆದುಕೊಳ್ಳುವವರು. ಮೊಬೈಲಿನ ಅನುವಾದದ ಆ್ಯಪಿಗೆ ಕೇಳಿದ್ವಿ, ಅದು 'ಕೊಳೆತ' ಅಂದಿತು. ಬರೆದುಕೊಂಡ್ವಿ: 'ಎಣ್ಣೆ ಕೊಳೆತಿದ್ದರೆ ಸಂಸ್ಕರಿಸಬೇಕು.'

ಇಲ್ಲಿಂದ ತಪ್ಪು ಶುರು. ಕೊಳೆತದ್ದು ಅಂದರೆ ಬ್ಯಾಕ್ಟೀರಿಯಾ, ಬ್ಯಾಕ್ಟೀರಿಯಾ ಅಂದರೆ ಕಾಯಿಸಿದರೆ ಸಾಯುತ್ತದೆ, ಹಾಗಾಗಿ ಸಂಸ್ಕರಣೆ ಅಂದರೆ ಕಾಯಿಸೋದು. ತರ್ಕ ಎಷ್ಟು ಚೆನ್ನಾಗಿದೆ ನೋಡಿ! ಎರಡು ಲೀಟರ್ ಎಣ್ಣೆಯನ್ನು ಅರ್ಧ ಗಂಟೆ ಚೆನ್ನಾಗಿ ಕಾಯಿಸಿ, 60 ಡಿಗ್ರಿಗೆ ಆರಿಸಿ, ಮೆಥನಾಲಿನಲ್ಲಿ ಕರಗಿಸಿದ ಕಾಸ್ಟಿಕ್ ಸೋಡಾ ಹಾಕಿ ಕಲಕಿದ್ವಿ. ಪುಸ್ತಕದ ಪ್ರಕಾರ ಬಿಟ್ಟು ಇಟ್ಟಾಗ ಮೇಲೆ ಬಯೋಡೀಸೆಲ್, ತಳದಲ್ಲಿ ಗ್ಲಿಸರಾಲ್ ಅಂತ ಎರಡು ಪದರ ಆಗಬೇಕು. ಮಾರನೇ ದಿನ ಬಂದು ನೋಡಿದರೆ ಪದರವೂ ಇಲ್ಲ, ಏನೂ ಇಲ್ಲ. ಪಾತ್ರೆಯ ತುಂಬ ಕಂದು ಬಣ್ಣದ ಹಲ್ವ. ಬೆರಳಿಗೆ ತಾಗಿಸಿ ನಲ್ಲಿ ಕೆಳಗೆ ಹಿಡಿದರೆ ನೊರೆ ಬಂತು. ನಾವು ಸೋಪು ಮಾಡಿದ್ವಿ.

ಅವತ್ತು ರಾತ್ರಿ ಊಟಕ್ಕೆ ಹೋದಾಗ, ಸಣ್ಣ ಬಾಟಲಿಯಲ್ಲಿ ಅದೇ ಡಬ್ಬದ ಎಣ್ಣೆ ಸ್ವಲ್ಪ ಜೇಬಿನಲ್ಲಿತ್ತು. ಮೆಸ್ಸಿನಲ್ಲಿ ಅಡುಗೆ ಮಾಡುವ ಅಕ್ಕನಿಗೆ ಕೊಟ್ಟು, "ಅಕ್ಕ, ಇದು ಕೊಳೆತಿದೆಯಾ ನೋಡಿ" ಅಂದ್ವಿ.

ಅಕ್ಕ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದು ಮುಖ ಕಿವಿಚಿದರು. "ಎಣ್ಣೆ ಎಲ್ಲಾದ್ರೂ ಕೊಳೆಯುತ್ತೇನ್ರಪ್ಪ? ಕಮಟಾಗೈತೆ. ಡಬ್ಬದ ತಳದಲ್ಲಿ ನೀರು ನಿಂತಿತ್ತಾ?"

ನಿಂತಿತ್ತು. ನಾವು ಅದನ್ನು ನೋಡಿಯೂ ಇದ್ವಿ.

"ಕಾಯ್ಸಿದ್ರೆ ಹೋಗುತ್ತಾ ಅಕ್ಕ?"

"ಹೋಗೋ ಹಂಗಿದ್ರೆ ಕಮಟೆಣ್ಣೆನ ಯಾಕೆ ದೀಪಕ್ಕೆ ಹಾಕ್ತಿದ್ರು? ಒಗ್ಗರಣೆಗೇ ಹಾಕ್ತಿರ್ಲಿಲ್ವಾ?"

ಎರಡೇ ಮಾತಿನಲ್ಲಿ ಎಲ್ಲ ಇತ್ತು: ಏನಾಗಿದೆ, ಯಾಕಾಗಿದೆ, ವಾಪಸ್ ಬರುತ್ತದೋ ಇಲ್ಲವೋ.

ಕಮಟು. ನಮ್ಮಲ್ಲಿ ಮೂವರು ಈ ಪದವನ್ನು ಮನೆಯಲ್ಲಿ ಕೇಳಿಯೇ ಬೆಳೆದವರು. ಕೊಬ್ಬರಿ ಕಮಟು, ಕಡಲೆಕಾಯಿ ಬೀಜ ಕಮಟು, ಹಳೇ ತುಪ್ಪ ಕಮಟು ವಾಸನೆ. ಆದರೆ ಲ್ಯಾಬಿನ ಬಾಗಿಲು ದಾಟಿದ ಕೂಡಲೇ ಅದು ನೆನಪಿಗೇ ಬರಲಿಲ್ಲ. ಅಡುಗೆಮನೆಯ ಪದ ಅಡುಗೆಮನೆಯಲ್ಲೇ ಉಳಿಯಿತು.

ಕನ್ನಡದಲ್ಲಿ 'ಕೆಟ್ಟುಹೋಯ್ತು' ಅನ್ನೋದಕ್ಕೆ ಎಷ್ಟು ಬೇರೆ ಬೇರೆ ಮಾತುಗಳಿವೆ ಅಂತ ಅವತ್ತು ಮೆಸ್ಸಿನ ಮೇಜಿನ ಮೇಲೆ ಪಟ್ಟಿ ಮಾಡಿದ್ವಿ. ಅನ್ನ, ಸಾರು ಹಳಸುತ್ತದೆ. ಹಾಲು ಒಡೆಯುತ್ತದೆ. ಮೊಸರು, ದೋಸೆ ಹಿಟ್ಟು ಹುಳಿಯಾಗುತ್ತದೆ. ಟೊಮೆಟೊ ಕೊಳೆಯುತ್ತದೆ. ಮೂಟೆಯಲ್ಲಿ ಗಾಳಿಯಾಡದೆ ಕೂತ ಅಕ್ಕಿ ಮುಗ್ಗುತ್ತದೆ. ಬ್ರೆಡ್ಡಿಗೆ ಬೂಷ್ಟು ಬರುತ್ತದೆ. ಎಣ್ಣೆ, ತುಪ್ಪ, ಬೆಣ್ಣೆ, ಕೊಬ್ಬರಿ, ಕಡಲೆಬೀಜ, ಕರಿದ ತಿಂಡಿ ಇವು ಮಾತ್ರ ಕಮಟಾಗುತ್ತವೆ. ಒಂದರ ಮಾತನ್ನು ಇನ್ನೊಂದಕ್ಕೆ ಯಾರೂ ಹಾಕುವುದಿಲ್ಲ. 'ಅನ್ನ ಕಮಟಾಗಿದೆ' ಅಂದರೆ ನಗ್ತಾರೆ.

ಇಂಗ್ಲಿಷಿನಲ್ಲೂ ಹೆಚ್ಚುಕಡಿಮೆ ಇದೇ ವಿಂಗಡಣೆ. ಒಣಗಿ ರುಚಿ ಹೋದ ಬ್ರೆಡ್ಡು ಸ್ಟೇಲ್, ಒಡೆದ ಹಾಲು ಕರ್ಡಲ್ಡ್, ಹುಳಿಯಾದದ್ದು ಸೌರ್, ಮೊಟ್ಟೆ ಮತ್ತು ಹಣ್ಣು ಕೊಳೆತರೆ ರಾಟನ್, ಮುಗ್ಗಿದ ವಾಸನೆಗೆ ಮಸ್ಟಿ, ಬೂಷ್ಟು ಬಂದದ್ದಕ್ಕೆ ಮೋಲ್ಡಿ, ಮಾಂಸ ಕೊಳೆತು ನಾರಿದರೆ ಪ್ಯೂಟ್ರಿಡ್. ರ‍್ಯಾನ್ಸಿಡ್ ಅನ್ನೋದು ಕೊಬ್ಬಿನಂಶ ಇರುವ ಪದಾರ್ಥಕ್ಕೆ ಮೀಸಲು. ಎಣ್ಣೆ, ಬೆಣ್ಣೆ, ಬೀಜಗಳು, ಚಿಪ್ಸು. 'ರ‍್ಯಾನ್ಸಿಡ್ ರೈಸ್' ಅಂತ ಬರೆದರೆ ಓದುವವರಿಗೆ ಕಮಟಾದ ಅನ್ನ ಕೇಳಿದ ಹಾಗೇ ಆಗುತ್ತದೆ. ಮೂರು ದಿನದ ಹಾಲಿಗೂ ಸಾಮಾನ್ಯ ಮಾತಿನಲ್ಲಿ ಸೌರ್ ಅನ್ನೋದೇ ವಾಡಿಕೆ. ಡೈರಿ ತಂತ್ರಜ್ಞರು ಮಾತ್ರ ಹಾಲಿನ ಕೊಬ್ಬು ಒಡೆದು ಬರುವ ದೋಷಕ್ಕೆ ರ‍್ಯಾನ್ಸಿಡ್ ಎನ್ನುತ್ತಾರೆ.

ಉಚ್ಚಾರಣೆಯಲ್ಲಿ ನಡುವಿನ ಅಕ್ಷರ 'ಸ', 'ಕ' ಅಲ್ಲ. ವಾಕ್ಯದಲ್ಲಿ 'ಗೋ' ಅಥವಾ 'ಟರ್ನ್' ಜೊತೆ ಬರುತ್ತದೆ: ದಿ ಆಯಿಲ್ ಹ್ಯಾಸ್ ಗಾನ್ ರ‍್ಯಾನ್ಸಿಡ್. ನಾಮಪದ ಬೇಕಾದರೆ ರ‍್ಯಾನ್ಸಿಡಿಟಿ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ನಿಮಗೆ ಹೆಚ್ಚು ಬೇಕಾಗುವುದು ಇದೇ. ಬೆವರಿನ ವಾಸನೆಗೆ, ಹಳಸಿದ ರಾಜಕೀಯಕ್ಕೆ, ಕೆಟ್ಟ ಜೋಕಿಗೆ ಅಲಂಕಾರವಾಗಿಯೂ ಪತ್ರಿಕೆಯವರು ಇದನ್ನು ಬಳಸುತ್ತಾರೆ. ಮೂಲ ಲ್ಯಾಟಿನ್ ಭಾಷೆಯದು. ನಾರುವುದು ಎಂಬ ಅರ್ಥದ ಕ್ರಿಯಾಪದದಿಂದ ಬಂದದ್ದು. ಅದೇ ಬೇರಿನಿಂದ ಇಂಗ್ಲಿಷಿಗೆ ಇನ್ನೊಂದು ಪದವೂ ಬಂದಿದೆ: ರ‍್ಯಾಂಕರ್. ಅಂದರೆ ಬಹಳ ದಿನ ಮನಸ್ಸಿನಲ್ಲೇ ಇಟ್ಟುಕೊಂಡ ಹಗೆ. ಮುಚ್ಚಿದ ಡಬ್ಬದಲ್ಲಿ ಸದ್ದಿಲ್ಲದೆ ಕೆಡುವ ಎಣ್ಣೆಗೂ ಅದಕ್ಕೂ ನಂಟು ಕಂಡವರು ಯಾರೋ, ಸರಿಯಾಗಿಯೇ ಕಂಡಿದ್ದಾರೆ.

ಈಗ ಕೆಮಿಸ್ಟ್ರಿಗೆ ಬರೋಣ. ಮೊದಲ ವರ್ಷದ ಕೆಮಿಸ್ಟ್ರಿ ಸಾಕು, ಹೆದರಬೇಡಿ.

ಎಣ್ಣೆ ಅಂದರೆ ಟ್ರೈಗ್ಲಿಸರೈಡ್. ಒಂದು ಗ್ಲಿಸರಾಲ್ ಬೆನ್ನಿಗೆ ಮೂರು ಕೊಬ್ಬಿನಾಮ್ಲಗಳ ಬಾಲ ಅಂಟಿಕೊಂಡಿರುತ್ತದೆ. ಇದು ಎರಡು ದಾರಿಯಲ್ಲಿ ಕಮಟಾಗುತ್ತದೆ. ಮೊದಲನೆಯದು ನೀರಿನ ದಾರಿ, ಹೈಡ್ರಾಲಿಸಿಸ್. ನೀರಿನ ಅಂಶ ಇದ್ದು, ಜೊತೆಗೆ ಬೀಜದಲ್ಲೇ ಇರುವ ಲೈಪೇಸ್ ಎಂಬ ಕಿಣ್ವವೋ ಶಿಲೀಂಧ್ರದ ಕಿಣ್ವವೋ ಸೇರಿದರೆ ಬಾಲಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಕಳಚಿದ್ದು ಬಿಡಿ ಕೊಬ್ಬಿನಾಮ್ಲ, ಫ್ರೀ ಫ್ಯಾಟಿ ಆಸಿಡ್. ಬಾಲ ಗಿಡ್ಡವಾದಷ್ಟೂ ವಾಸನೆ ಜೋರು. ಬೆಣ್ಣೆಯಲ್ಲಿ ಬರೀ ನಾಲ್ಕು ಕಾರ್ಬನ್ನಿನ ಬ್ಯುಟಿರಿಕ್ ಆಮ್ಲ ಇದೆ. ಅದರ ಹೆಸರೇ ಬೆಣ್ಣೆಯ ಲ್ಯಾಟಿನ್ ಹೆಸರಿನಿಂದ ಬಂದದ್ದು. ಅಂಟಿಕೊಂಡಿರುವಾಗ ಅದಕ್ಕೆ ವಾಸನೆಯಿಲ್ಲ, ಬಿಡಿಯಾದರೆ ತಡೆಯೋಕಾಗಲ್ಲ. ಕ್ಯಾಪ್ರೋಯಿಕ್, ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಅಂತ ಇನ್ನು ಮೂರು ಆಮ್ಲಗಳಿವೆ, ಮೂರರ ಹೆಸರೂ ಲ್ಯಾಟಿನ್ನಿನ ಮೇಕೆಯಿಂದ ಬಂದಿದೆ. ಯಾಕೆ ಅಂತ ಮೇಕೆ ಸಾಕಿದವರು ಹೇಳಬಲ್ಲರು. ತೆಂಗಿನ ಎಣ್ಣೆಯಲ್ಲಿ ಹೆಚ್ಚಿರುವುದು ಲಾರಿಕ್ ಆಮ್ಲ. ಅದು ಬಿಡಿಯಾದಾಗ ಸೋಪಿನ ರುಚಿ ಬರುತ್ತದೆ.

ಎರಡನೆಯದು ಗಾಳಿಯ ದಾರಿ, ಆಕ್ಸಿಡೇಶನ್. ಕೊಬ್ಬಿನಾಮ್ಲದ ಬಾಲದಲ್ಲಿ ಜೋಡಿ ಬಂಧಗಳಿದ್ದರೆ, ಅವುಗಳ ಪಕ್ಕದ ಕಾರ್ಬನ್ನಿನ ಹೈಡ್ರೋಜನ್ ಸಡಿಲವಾಗಿರುತ್ತದೆ. ಬೆಳಕು, ಶಾಖ, ಕಬ್ಬಿಣ ಅಥವಾ ತಾಮ್ರದ ಸೋಂಕು, ಇವುಗಳಲ್ಲಿ ಯಾವುದಾದರೂ ಅದನ್ನು ಕಿತ್ತರೆ ಒಂದು ಫ್ರೀ ರ‍್ಯಾಡಿಕಲ್ ಹುಟ್ಟುತ್ತದೆ. ಅದು ಆಮ್ಲಜನಕವನ್ನು ಹಿಡಿದು ಪೆರಾಕ್ಸಿ ರ‍್ಯಾಡಿಕಲ್ ಆಗಿ ಪಕ್ಕದವನ ಹೈಡ್ರೋಜನ್ ಕೀಳುತ್ತದೆ. ಆ ಪಕ್ಕದವನು ಈಗ ರ‍್ಯಾಡಿಕಲ್. ಹೀಗೆ ಸರಪಳಿ. ಮಧ್ಯೆ ಹುಟ್ಟುವ ಹೈಡ್ರೋಪೆರಾಕ್ಸೈಡ್‌ಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಅದು ಮುರಿದು ಹೆಕ್ಸನಾಲ್ ತರಹದ ಆಲ್ಡಿಹೈಡ್‌ಗಳಾದಾಗ ಮಾತ್ರ ನಮ್ಮ ಮೂಗಿಗೆ ಗೊತ್ತಾಗುತ್ತದೆ. ಅಂದರೆ ಎಣ್ಣೆ ಕೆಡಲು ಶುರುವಾಗಿ ಎಷ್ಟೋ ದಿನದ ಮೇಲೆ ಕಮಟು ವಾಸನೆ ಬರುತ್ತದೆ. ಅಲ್ಲಿಯವರೆಗಿನ ಸದ್ದಿಲ್ಲದ ಅವಧಿಗೆ ಇಂಡಕ್ಷನ್ ಪೀರಿಯಡ್ ಅಂತ ಹೆಸರು.

ಎರಡೂ ದಾರಿಯಲ್ಲಿ ಆಗಿರುವುದು ಅಣುವೇ ಬೇರೆಯಾಗಿರುವುದು. ಕಾಯಿಸಿದರೆ ಕಳಚಿದ ಬಾಲ ವಾಪಸ್ ಅಂಟಿಕೊಳ್ಳುವುದಿಲ್ಲ. ಸ್ವಲ್ಪ ವಾಸನೆ ಆವಿಯಾಗಿ ಹೋಗಬಹುದು, ಅಷ್ಟೇ. ಶಾಖಕ್ಕೆ ಸರಪಳಿ ಇನ್ನೂ ಜೋರಾಗಿ ಓಡುತ್ತದೆ. ಅಕ್ಕ ದೀಪಕ್ಕೆ ಹಾಕಬೇಕು ಅಂದದ್ದು ಇದಕ್ಕೇ.

ಈ ಎರಡು ದಾರಿ ಗೊತ್ತಾದ ಮೇಲೆ ಮನೆಯಲ್ಲಿ ನೋಡಿದ ಎಷ್ಟೋ ಸಂಗತಿಗಳು ಅರ್ಥವಾಗತೊಡಗಿದವು. ಬೆಣ್ಣೆಯಲ್ಲಿ ಶೇಕಡಾ 16ರಷ್ಟು ನೀರಿರುತ್ತದೆ. ಹೊರಗಿಟ್ಟರೆ ಕೆಲವೇ ದಿನಕ್ಕೆ ಕೆಡುತ್ತದೆ. ಕಾಯಿಸಿ ತುಪ್ಪ ಮಾಡಿದರೆ ನೀರೂ ಹೋಯ್ತು, ಕಿಣ್ವವೂ ಸತ್ತಿತು, ತಿಂಗಳುಗಟ್ಟಲೆ ಇರುತ್ತದೆ. ಕಾಯಿಸುವಾಗ ಕೊನೆಯಲ್ಲಿ ಒಂದು ವೀಳ್ಯದೆಲೆ ಹಾಕುತ್ತಾರಲ್ಲ, ಅದರಲ್ಲಿ ಫೀನಾಲ್ ಜಾತಿಯ ಆ್ಯಂಟಿ ಆಕ್ಸಿಡೆಂಟುಗಳಿವೆ. ರ‍್ಯಾಡಿಕಲ್‌ಗೆ ತಮ್ಮ ಹೈಡ್ರೋಜನ್ ಕೊಟ್ಟು ಸರಪಳಿ ತುಂಡು ಮಾಡುವುದು ಇವುಗಳ ಕೆಲಸ. ಬರೀ ಘಮಕ್ಕೆ ಹಾಕ್ತಾರೆ ಅಂತ ನಾವು ತಿಳಿದಿದ್ವಿ.

ಉತ್ತರ ಕರ್ನಾಟಕದ ಗೆಳೆಯನೊಬ್ಬ ಸಜ್ಜೆ ಹಿಟ್ಟಿನ ಕಥೆ ಹೇಳಿದ. ಅವರ ಮನೆಯಲ್ಲಿ ಜೋಳದ ಹಿಟ್ಟು ಹೆಚ್ಚು ಬೀಸಿಸಿ ಇಡ್ತಾರಂತೆ, ಸಜ್ಜೆ ಮಾತ್ರ ವಾರಕ್ಕೆ ಬೇಕಾದಷ್ಟೇ. "ಇಟ್ರ ಕಹಿ ಆಗತೈತಿ." ಸಜ್ಜೆಯಲ್ಲಿ ಶೇಕಡಾ 5ರ ಆಸುಪಾಸು ಕೊಬ್ಬಿದೆ, ಜೊತೆಗೆ ಚುರುಕಾದ ಲೈಪೇಸ್. ಕಾಳಿನೊಳಗೆ ಎರಡೂ ಬೇರೆ ಬೇರೆ ಕಡೆ ಇರುತ್ತವೆ, ಬೀಸಿದ ಕ್ಷಣ ಒಂದಾಗುತ್ತವೆ. ಭತ್ತದ ತೌಡಿನದೂ ಇದೇ ಕಥೆ: ಗಿರಣಿಯಿಂದ ಹೊರಬಿದ್ದ ಗಂಟೆಗಳಲ್ಲೇ ಅದರ ಎಣ್ಣೆ ಒಡೆಯಲು ಶುರುವಾಗುತ್ತದೆ. ಅದಕ್ಕೇ ರೈಸ್ ಬ್ರ್ಯಾನ್ ಆಯಿಲ್ ತೆಗೆಯುವವರು ತೌಡನ್ನು ಬೇಗ ಬಿಸಿ ಮಾಡಿ ಲೈಪೇಸನ್ನು ಸಾಯಿಸುತ್ತಾರೆ. ನೋಡಿ, ಇಲ್ಲಿ ಕಾಯಿಸುವುದು ಉಪಯೋಗಕ್ಕೆ ಬರುತ್ತದೆ, ಆದರೆ ಕೆಡುವ ಮೊದಲು.

ಕುಸುಬೆ, ಗುರೆಳ್ಳು ಎಣ್ಣೆಗಳಲ್ಲಿ ಎರಡು ಜೋಡಿ ಬಂಧದ ಲಿನೋಲಿಯಿಕ್ ಆಮ್ಲ ಮುಕ್ಕಾಲು ಪಾಲಿನ ಹತ್ತಿರ ಹತ್ತಿರ ಇದೆ. ಒಂದೇ ಜೋಡಿ ಬಂಧದ ಓಲಿಯಿಕ್ ಆಮ್ಲಕ್ಕಿಂತ ಅದು ಸುಮಾರು ಹತ್ತು ಪಟ್ಟು ವೇಗವಾಗಿ ಆಕ್ಸಿಡೈಸ್ ಆಗುತ್ತದೆ. ಮೂರು ಜೋಡಿ ಬಂಧದ ಅಗಸೆ ಇನ್ನೂ ವೇಗ. ಹಾಗಾಗಿ ಅಮ್ಮ ಕಟ್ಟಿಕೊಟ್ಟ ಗುರೆಳ್ಳು ಪುಡಿ, ಅಗಸೆ ಚಟ್ನಿಪುಡಿ ಹಾಸ್ಟೆಲಿನಲ್ಲಿ ಬೇಗ ಕಮಟಾದರೆ ಅಮ್ಮನ ತಪ್ಪಲ್ಲ, ಕಿಟಕಿ ಪಕ್ಕ ಬಿಸಿಲಿಗೆ ಇಟ್ಟ ನಿಮ್ಮದು. ಎಳ್ಳೆಣ್ಣೆಯಲ್ಲೂ ಲಿನೋಲಿಯಿಕ್ ಸಾಕಷ್ಟಿದ್ದರೂ ಅದು ತುಂಬ ದಿನ ತಡೆಯುತ್ತದೆ, ಯಾಕಂದ್ರೆ ಸೆಸಮಾಲ್ ಎಂಬ ಆ್ಯಂಟಿ ಆಕ್ಸಿಡೆಂಟ್ ಅದರ ಜೊತೆಗೇ ಬರುತ್ತದೆ. ಉಪ್ಪಿನಕಾಯಿಗೆ ಎಳ್ಳೆಣ್ಣೆ ಹಾಕುವ ಮನೆಗಳು ಇದನ್ನು ಅನುಭವದಿಂದ ಕಂಡುಕೊಂಡಿದ್ದವು. ಚಿಪ್ಸ್ ಪ್ಯಾಕೆಟ್ಟಿನಲ್ಲಿ ಅರ್ಧ 'ಗಾಳಿ' ಅಂತ ಬೈತೀವಲ್ಲ, ಅದು ನೈಟ್ರೋಜನ್. ಆಮ್ಲಜನಕಕ್ಕೆ ಜಾಗ ಇಲ್ಲದ ಹಾಗೆ ಮಾಡುವ ಉಪಾಯ.

ಕಮಟಿನ ಜೊತೆ ಬೂಷ್ಟನ್ನು ಮಾತ್ರ ಕಲಸಬೇಡಿ. ಸ್ವಲ್ಪ ಕಮಟಾದ ಕಡಲೆಬೀಜ ಬಾಯಿಗೆ ಹೋದರೆ ಉಗುಳಿ ಬಾಯಿ ತೊಳೆದರಾಯಿತು. ತಿನ್ನುವ ವಸ್ತುವಲ್ಲ, ಆದರೆ ಗಾಬರಿಯೂ ಬೇಡ. ಬೂಷ್ಟು ಬಂದ ಕಡಲೆಬೀಜದ ವಿಷಯ ಬೇರೆ. ಆಸ್ಪರ್ಜಿಲಸ್ ಜಾತಿಯ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷ ಮಾಡುತ್ತದೆ, ಅದು ಲಿವರ್ ಕ್ಯಾನ್ಸರಿಗೆ ಕಾರಣವಾಗಬಲ್ಲದು. ವಾಸನೆಯಿಂದ ಅದು ಗೊತ್ತಾಗಲ್ಲ, ಹುರಿದರೂ ಪೂರ್ತಿ ಹೋಗಲ್ಲ. ಎರಡಕ್ಕೂ 'ಹಾಳಾಗಿದೆ' ಅಂತ ಒಂದೇ ಪದ ಬಳಸುತ್ತಾ ಹೋದರೆ ಯಾವುದಕ್ಕೆ ಎಷ್ಟು ಹೆದರಬೇಕು ಅನ್ನೋದೇ ಮರೆತುಹೋಗುತ್ತದೆ. ಬೋಂಡಾ ಕರಿದು ಕರಿದು ಕಪ್ಪಾದ ಎಣ್ಣೆಯೂ ಮತ್ತೊಂದು ಬಗೆ. ಅದನ್ನು ಟೋಟಲ್ ಪೋಲಾರ್ ಕಾಂಪೌಂಡ್ಸ್ ಎಂಬ ಅಳತೆಯಿಂದ ನೋಡುತ್ತಾರೆ. ಶೇಕಡಾ 25 ದಾಟಿದರೆ ಬಳಸಬಾರದು ಎಂಬ ನಿಯಮ ನಮ್ಮ ದೇಶದಲ್ಲಿ 2018ರ ಜುಲೈನಿಂದ ಇದೆ.

ನಮ್ಮ ಬ್ರಾಂಚುಗಳಲ್ಲೂ ಈ ರಸಾಯನಶಾಸ್ತ್ರ ಬೇರೆ ಹೆಸರಿನಲ್ಲಿ ಕೂತಿದೆ. ಎಲೆಕ್ಟ್ರಿಕಲ್‌ನವರ ಟ್ರಾನ್ಸ್‌ಫಾರ್ಮರ್ ಆಯಿಲ್ ಖನಿಜ ತೈಲ, ಕೊಬ್ಬಲ್ಲ. ಹಾಗಾಗಿ ಅದು ಹಳೆಯದಾದರೆ ರ‍್ಯಾನ್ಸಿಡ್ ಎನ್ನುವುದಿಲ್ಲ, ಆಕ್ಸಿಡೈಸ್ಡ್ ಎನ್ನುತ್ತಾರೆ. ಆದರೆ ಒಳಗೆ ಓಡುವುದು ಅದೇ ರ‍್ಯಾಡಿಕಲ್ ಸರಪಳಿ. ತಡೆಯಲು ಹಾಕುವ ಡಿಬಿಪಿಸಿ ಎಂಬ ರಾಸಾಯನಿಕ ಮತ್ತು ಆಹಾರದ ಪ್ಯಾಕೆಟ್ ಹಿಂದೆ ಬರೆದಿರುವ ಬಿಎಚ್‌ಟಿ ಎರಡೂ ಒಂದೇ ವಸ್ತು! ಲಿನ್‌ಸೀಡ್ ಎಣ್ಣೆಯ ಬಣ್ಣ ಒಣಗುವುದೂ ಇದೇ ಕ್ರಿಯೆಯಿಂದ. ಅಲ್ಲಿ ಅದು ನಮಗೆ ಬೇಕಾದದ್ದು. ಅದೇ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಒಳಗಿನ ಶಾಖಕ್ಕೆ ತಾನಾಗಿ ಬೆಂಕಿ ಹತ್ತಬಹುದು. ವರ್ಕ್‌ಶಾಪಿನವರು ನೆನಪಿಡಿ. ಬಯೋಡೀಸೆಲ್ ಎಷ್ಟು ದಿನ ಬಾಳುತ್ತದೆ ಅಂತ ಅಳೆಯುವ ಪ್ರಸಿದ್ಧ ಯಂತ್ರದ ಹೆಸರಿನಲ್ಲೇ ನಮ್ಮ ಪದ ಅಡಗಿದೆ: ರ‍್ಯಾನ್ಸಿಮ್ಯಾಟ್. ಮಾದರಿಯನ್ನು 110 ಡಿಗ್ರಿಗೆ ಕಾಯಿಸಿ, ಅದರೊಳಗೆ ಗಾಳಿ ಹಾಯಿಸಿ, ಹೊರಬರುವ ಆವಿಯನ್ನು ನೀರಿಗೆ ಬಿಟ್ಟು, ಆ ನೀರಿನ ವಿದ್ಯುತ್ ವಾಹಕತೆ ಯಾವಾಗ ಏರುತ್ತದೆ ಅಂತ ಅದು ನೋಡುತ್ತದೆ. ಏರಿದ ಕ್ಷಣಕ್ಕೆ ಇಂಡಕ್ಷನ್ ಪೀರಿಯಡ್ ಮುಗಿಯಿತು.

ನಮ್ಮ ಹಲ್ವದ ಗುಟ್ಟು ಮೊದಲ ದಾರಿಯಲ್ಲಿತ್ತು. ಡಬ್ಬದ ತಳದ ನೀರು ಎಣ್ಣೆಯನ್ನು ತಿಂಗಳುಗಟ್ಟಲೆ ಒಡೆದಿತ್ತು. ಬಿಡಿ ಕೊಬ್ಬಿನಾಮ್ಲಕ್ಕೆ ಕಾಸ್ಟಿಕ್ ಸೋಡಾ ಸೇರಿದರೆ ಆಗುವುದೇ ಸೋಪು. ಕ್ಯಾಟಲಿಸ್ಟ್ ಅಲ್ಲೇ ಖರ್ಚಾಯಿತು, ಹುಟ್ಟಿದ ಸೋಪು ಎಲ್ಲವನ್ನೂ ಹಿಡಿದು ಕಲಸಿ ಗ್ಲಿಸರಾಲ್ ಬೇರೆಯಾಗದ ಹಾಗೆ ಮಾಡಿತು. ಸಾಮಾನ್ಯವಾಗಿ ಬಿಡಿ ಆಮ್ಲ ಶೇಕಡಾ 2 ದಾಟಿದರೆ ನೇರವಾಗಿ ಕ್ಷಾರ ಹಾಕಬಾರದು.

ಇದನ್ನು ಮೊದಲೇ ತಿಳಿಯಲು ಬೇಕಿದ್ದದ್ದು ಕಾಲು ಗಂಟೆಯ ಟೈಟ್ರೇಷನ್. ಎಣ್ಣೆಯನ್ನು ತೂಗಿ, ತಟಸ್ಥ ಮಾಡಿದ ಆಲ್ಕೋಹಾಲಿನಲ್ಲಿ ಬೆರೆಸಿ, ಎರಡು ಹನಿ ಫಿನಾಫ್ತಲೀನ್ ಹಾಕಿ, ತಿಳಿ ಗುಲಾಬಿ ನಿಲ್ಲುವ ತನಕ ಕೆಒಎಚ್ ಬಿಡಬೇಕು. 56.1ನ್ನು ಕೆಒಎಚ್‌ನ ಮಿಲಿಲೀಟರ್ ಮತ್ತು ನಾರ್ಮಾಲಿಟಿಯಿಂದ ಗುಣಿಸಿ, ಎಣ್ಣೆಯ ಗ್ರಾಂ ತೂಕದಿಂದ ಭಾಗಿಸಿದರೆ ಆಸಿಡ್ ವ್ಯಾಲ್ಯೂ. ಉದಾಹರಣೆಗೆ 5 ಗ್ರಾಂ ಎಣ್ಣೆಗೆ 0.1 ನಾರ್ಮಲ್ ಕೆಒಎಚ್ 7 ಮಿಲಿ ಹಿಡಿಯಿತು ಅನ್ನಿ, ಆಸಿಡ್ ವ್ಯಾಲ್ಯೂ 7.85. ಓಲಿಯಿಕ್ ಲೆಕ್ಕದಲ್ಲಿ ಬಿಡಿ ಆಮ್ಲ ಬೇಕಾದರೆ ಇದರ ಅರ್ಧ ಮಾಡಿ, ಶೇಕಡಾ 4ರ ಹತ್ತಿರ. ಆ ಎಣ್ಣೆಗೆ ಸೋಡಾ ಹಾಕಿದರೆ ನಿಮಗೂ ಹಲ್ವ. ಗಾಳಿಯ ದಾರಿಯ ಕಮಟಿಗೆ ಪೆರಾಕ್ಸೈಡ್ ವ್ಯಾಲ್ಯೂ ಎಂಬ ಇನ್ನೊಂದು ಟೈಟ್ರೇಷನ್ ಇದೆ, ಅಯೋಡಿನ್ ಮತ್ತು ಥಯೋಸಲ್ಫೇಟ್‌ನದು. ಅದರಲ್ಲಿ ಒಂದು ಮೋಸ ಇದೆ: ಪೆರಾಕ್ಸೈಡ್ ಏರಿ, ಆಮೇಲೆ ತಾನೇ ಮುರಿದು ಇಳಿಯುತ್ತದೆ. ತೀರಾ ಹಳೆಯ ಎಣ್ಣೆಯೂ ಕಡಿಮೆ ಸಂಖ್ಯೆ ತೋರಿಸಿ ಪಾಸಾಗಿಬಿಡಬಹುದು. ಅಂಥ ಕಡೆ ಬ್ಯೂರೆಟ್ಟಿಗಿಂತ ಅಕ್ಕನ ಮೂಗಿನ ಮೇಲೆ ನಮಗೆ ನಂಬಿಕೆ ಜಾಸ್ತಿ.

ಡಬ್ಬದಲ್ಲಿ ಉಳಿದಿದ್ದ ಎಣ್ಣೆಗೆ ಪೇಪರಿನಲ್ಲಿ ಹೇಳಿದ್ದ ನಿಜವಾದ ಸಂಸ್ಕರಣೆ ಮಾಡಿದ್ವಿ. ಮೊದಲು ನೀರು ತೆಗೆದು, ಮೆಥನಾಲ್ ಮತ್ತು ಸ್ವಲ್ಪ ಸಲ್ಫ್ಯೂರಿಕ್ ಆಮ್ಲದ ಜೊತೆ ಬಿಸಿ ಮಾಡಿದರೆ ಬಿಡಿ ಆಮ್ಲಗಳೇ ಎಸ್ಟರ್ ಆಗುತ್ತವೆ, ಅಂದರೆ ಅವೂ ಬಯೋಡೀಸೆಲ್ಲೇ. ಆಸಿಡ್ ವ್ಯಾಲ್ಯೂ ಇಳಿದದ್ದನ್ನು ನೋಡಿಕೊಂಡು ಕ್ಷಾರದ ಹಂತಕ್ಕೆ ಹೋದ್ವಿ. ಮಾರನೇ ಬೆಳಿಗ್ಗೆ ಸೆಪರೇಟಿಂಗ್ ಫನಲ್ಲಿನಲ್ಲಿ ಎರಡು ಪದರ ಇತ್ತು.

ನೋಟ್ಸಿನಲ್ಲಿ 'ಕೊಳೆತ' ಅನ್ನು ಹೊಡೆದುಹಾಕಿ 'ಕಮಟು' ಅಂತ ಬರೆದಿದ್ದೇವೆ, ರಿಪೋರ್ಟಿನ ಕನ್ನಡ ಸಾರಾಂಶದಲ್ಲೂ ಅದೇ ಹೋಗಿದೆ. ಈ ವರ್ಷ ಅದೇ ಪ್ರಾಜೆಕ್ಟ್ ತಗೊಳ್ಳುವ ಜೂನಿಯರ್‌ಗಳಿಗೆ: ಮೂಲೆಯಲ್ಲಿ ಇನ್ನೂ ಸುಮಾರು ಒಂದು ಲೀಟರ್ ಎಣ್ಣೆ ಇದೆ. ಗಾಜಿನ ಬಾಟಲಿಗೆ ಹಾಕಿ, ಬಾಯಿಮಟ್ಟ ತುಂಬಿ, ಕಪ್ಪು ಕಾಗದ ಸುತ್ತಿ, ತಾರೀಖು ಮತ್ತು ಅವತ್ತಿನ ಆಸಿಡ್ ವ್ಯಾಲ್ಯೂ ಬರೆದು ಅಂಟಿಸಿದ್ದೇವೆ. ಬಳಸುವ ಮೊದಲು ಇನ್ನೊಂದು ಸಲ ಟೈಟ್ರೇಟ್ ಮಾಡಿ. ಸೋಪು ಬೇಕಾದವರು ಕೂಡ ಕೇಳಬಹುದು, ಅರ್ಧ ಬಕೆಟ್ ಉಳಿದಿದೆ.